ಡಬ್ಬದ ಮೇಲಿಲ್ಲದ ಗುಡಿ

ದಾವಣಗೆರೆಯ ದೇವರಾಜ ಅರಸು ಬಡಾವಣೆಯಂಥ ಕಡೆ ಯಾವುದಾದರೂ ಮನೆಯ ಹಾಲ್‌ಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಷೋಕೇಸು. ಅಮೃತಶಿಲೆಯ ಪುಟ್ಟ ತಾಜ್‌ಮಹಲ್, ಗೃಹಪ್ರವೇಶಕ್ಕೆ ಬಂದ ಗಣಪತಿ, ಶಾಲೆಯಲ್ಲಿ ಗೆದ್ದ ಕಪ್ಪುಗಳು. ಇತ್ತೀಚಿನ ವರ್ಷಗಳಲ್ಲಿ ಇವುಗಳ ಪಕ್ಕಕ್ಕೆ ಬಣ್ಣದ ಕಾರೋ ರಾಕೆಟ್ಟೋ ಬಂದು ಕೂತಿರುವುದುಂಟು. ಪುಟ್ಟ ಪುಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ಕೂರಿಸಿ ಮಾಡಿದ್ದು. ಮಕ್ಕಳ ಬಾಯಲ್ಲಿ 'ಬ್ಲಾಕ್ಸ್'. ಬೆಂಗಳೂರಿನ ಮಾವನೋ ಅಮೆರಿಕದ ಚಿಕ್ಕಪ್ಪನೋ ಡಬ್ಬ ತಂದುಕೊಡುತ್ತಾರೆ. ಒಳಗಿನ ಪುಸ್ತಕ ನೋಡಿಕೊಂಡು ಮಗು ಒಂದು ಭಾನುವಾರ ಕಟ್ಟಿ ಮುಗಿಸುತ್ತದೆ. ಸಂಜೆಗೆ ಅದು ಗಾಜಿನೊಳಗೆ. 'ಮುಟ್ಟಬೇಡ ಮರಿ, ಬಿಚ್ಚಿಹೋದೀತು!'

ಬಿಚ್ಚಿ ಮತ್ತೆ ಕಟ್ಟಲೆಂದೇ ಮಾಡಿದ ವಸ್ತು ಅದು. ಷೋಕೇಸಿಗೆ ಹೋದ ದಿನವೇ ಅದರ ಆಟ ಮುಗಿಯಿತು.

ಪುಸ್ತಕವನ್ನು ಪಕ್ಕಕ್ಕಿಟ್ಟು ತಮಗೆ ತೋಚಿದ್ದನ್ನು ಕಟ್ಟುವ ಬಳಗವೊಂದು ಜಗತ್ತಿನ ತುಂಬ ಇದೆ. ಅಭಿಮಾನಿಗಳೆಂದರೆ ನಮ್ಮಲ್ಲಿ ಕಟೌಟಿಗೆ ಹಾಲೆರೆಯುವವರು ನೆನಪಾಗುತ್ತಾರೆ. ಇವರು ಇಟ್ಟಿಗೆಯ ಅಭಿಮಾನಿಗಳು. ಮಕ್ಕಳಷ್ಟೇ ಅಲ್ಲ, ವಕೀಲರು, ಎಂಜಿನಿಯರುಗಳು, ನಿವೃತ್ತರೂ ಇದ್ದಾರೆ. ತಾವೇ ರೂಪಿಸಿದ ಮಾದರಿಗೆ ಅವರಿಟ್ಟ ಹೆಸರು 'ಮೈ ಓನ್ ಕ್ರಿಯೇಷನ್', ಅಂದರೆ ನನ್ನದೇ ಸೃಷ್ಟಿ. ಇವರಲ್ಲಿ ಮಡಿವಂತರೂ ಉಂಟು! ಅಂಟು ಹಾಕಕೂಡದು, ಕತ್ತರಿಸಕೂಡದು, ಬಣ್ಣ ಬಳಿಯಕೂಡದು, ಇದ್ದ ತುಂಡಿನಲ್ಲೇ ಸಾಧಿಸಬೇಕು ಎಂಬುದು ಅವರ ಪಟ್ಟು.

ಇಟ್ಟಿಗೆಯ ಹುಟ್ಟೂರು ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಹಳ್ಳಿ. ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ ಅಲ್ಲಿಯ ಬಡಗಿ. ಆರ್ಥಿಕ ಮುಗ್ಗಟ್ಟಿನಲ್ಲಿ ಮನೆ ಕಟ್ಟಿಸುವವರಿಲ್ಲದಾಗ, 1932ರಲ್ಲಿ, ಮರದ ಆಟಿಕೆಗೆ ಕೈಹಚ್ಚಿದ. 'ಚೆನ್ನಾಗಿ ಆಡು' ಎಂಬರ್ಥದ ಡ್ಯಾನಿಷ್ ಮಾತನ್ನು ಮೊಟಕುಗೊಳಿಸಿ 1934ರಲ್ಲಿ 'ಲೆಗೊ' ಎಂದು ಹೆಸರಿಟ್ಟ. ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು 1949ರಲ್ಲಿ. ಅದೂ ಪೂರ್ತಿ ಸ್ವಂತದ್ದಲ್ಲ. ಇಂಗ್ಲೆಂಡಿನ ಹಿಲರಿ ಪೇಜ್ ಎಂಬಾತನ ಇಟ್ಟಿಗೆಯನ್ನು ನೋಡಿ ತಿದ್ದಿಕೊಂಡದ್ದು. ಮೊದಮೊದಲು ಅಡಿಭಾಗ ಬರೀ ಪೊಳ್ಳು. ಗೋಪುರ ಕಟ್ಟಿದರೆ ಜಾರಿ ಬೀಳುತ್ತಿತ್ತು. ಒಳಗೆ ಕೊಳವೆಗಳನ್ನಿಟ್ಟು, ಕೆಳಗಿನ ಇಟ್ಟಿಗೆಯ ಗುಬುಟುಗಳನ್ನು ಅವು ಬಿಗಿಯಾಗಿ ಹಿಡಿಯುವಂತೆ ಮಾಡಿ, ಮಗ ಗೋಟ್‌ಫ್ರೆಡ್ ಪೇಟೆಂಟಿಗೆ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಅಂದಿನ ಇಟ್ಟಿಗೆ ಇಂದಿನದರ ಮೇಲೆ ಸರಿಯಾಗಿ ಕೂರುತ್ತದೆ. ಅಜ್ಜನ ಆಟಿಕೆಗೆ ಮೊಮ್ಮಗನದು ಹೊಂದುತ್ತದೆ ಎನ್ನಿ.

ಹಿಡಿದರೆ ಬಿಡಬಾರದು, ಬೇಕೆಂದಾಗ ಬಿಡಬೇಕು. ಈ ಗುಣದಿಂದ ಹುಟ್ಟುವ ಲೆಕ್ಕ ಬೆರಗಿನದು. ಎಂಟು ಗುಬುಟಿನ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಜೋಡಿಸಬಹುದು. ಮೂರಾದರೆ 1,060 ಬಗೆ. ಆರಾದರೆ? ಕಂಪನಿ ಬಹುಕಾಲ ಹತ್ತು ಕೋಟಿ ಚಿಲ್ಲರೆ ಎನ್ನುತ್ತಿತ್ತು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಎಣಿಸಿ ನೋಡಿದರು. ಬಂದ ಉತ್ತರ 91,51,03,765. ಕಂಪನಿ ಎಣಿಸಿದ್ದು ಆರು ಇಟ್ಟಿಗೆಯೂ ಒಂದರ ಮೇಲೊಂದು ಏರಿದ ಗೋಪುರಗಳನ್ನು ಮಾತ್ರ. ತಯಾರಿಸಿದವರಿಗೇ ತಮ್ಮ ಇಟ್ಟಿಗೆಯ ಸಾಧ್ಯತೆ ಪೂರ್ತಿ ಗೊತ್ತಿರಲಿಲ್ಲ!

ಅಭಿಮಾನಿಗಳಿಗೆ ಗೊತ್ತಿತ್ತು. 1995ರಲ್ಲಿ ಆಸ್ಟ್ರೇಲಿಯದ ಜೇಮ್ಸ್ ಜೆಸಿಮನ್ ಎಂಬ ತರುಣ, ಕಂಪ್ಯೂಟರಿನ ತೆರೆಯ ಮೇಲೇ ಇಟ್ಟಿಗೆ ಜೋಡಿಸುವ 'ಎಲ್‌ಡ್ರಾ' ತಂತ್ರಾಂಶ ಬರೆದು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟ. ಎರಡೇ ವರ್ಷಕ್ಕೆ ತೀರಿಕೊಂಡ. ಅವನ ಕೆಲಸವನ್ನು ಬೇರೆಯವರು ಕೈಗೆತ್ತಿಕೊಂಡರು. 1998ರಲ್ಲಿ ಕಂಪನಿ 'ಮೈಂಡ್‌ಸ್ಟಾರ್ಮ್ಸ್' ಎಂಬ ರೋಬೋ ಸೆಟ್ಟು ತಂದಾಗ ಕೆಲವೇ ವಾರಗಳಲ್ಲಿ ಅದರ ಮಿದುಳನ್ನೇ ಬಿಚ್ಚಿ ಓದಿದವರಿದ್ದರು. ಕೋರ್ಟಿಗೆ ಹೋಗಬಹುದಿತ್ತು. ಕಂಪನಿ ಯೋಚಿಸಿ, ಹಾಗೆ ಮಾಡಲು ಅವಕಾಶವಿದೆ ಎಂದೇ ಷರತ್ತಿನಲ್ಲಿ ಬರೆಯಿತು. ಜಾಣತನ. ಅದೇ ಸಾಲಿನ ಮುಂದಿನ ಸೆಟ್ಟೊಂದನ್ನು ಬಳಸಿ 2014ರಲ್ಲಿ ಕ್ಯಾಲಿಫೋರ್ನಿಯದ ಏಳನೇ ತರಗತಿ ಹುಡುಗ ಶುಭಮ್ ಬ್ಯಾನರ್ಜಿ ಅಂಧರಿಗಾಗಿ ಬ್ರೈಲ್ ಮುದ್ರಣಯಂತ್ರ ಕಟ್ಟಿದ. ಪೇಟೆಯಲ್ಲಿ ಎರಡು ಸಾವಿರ ಡಾಲರಿಗೂ ಹೆಚ್ಚು ಬೆಲೆಯ ಯಂತ್ರದ ಕೆಲಸವನ್ನು ಅವನ ಆಟಿಕೆ ಸುಮಾರು 350 ಡಾಲರಿನಲ್ಲಿ ಮಾಡಿತು.

2003ರಲ್ಲಿ ಕಂಪನಿ ಭಾರಿ ನಷ್ಟಕ್ಕೆ ಬಿದ್ದು ಮುಳುಗುವ ಹಂತ ತಲುಪಿದ್ದೂ ನಿಜ. ಆಗ ಒಂದೊಂದು ಸೆಟ್ಟಿಗೂ ಹೊಸ ಹೊಸ ಆಕಾರದ ತುಂಡು ಮಾಡುವ ಚಟ ಹತ್ತಿತ್ತು. ಸುಮಾರು 13 ಸಾವಿರಕ್ಕೇರಿದ್ದ ನಮೂನೆಗಳನ್ನು ಹೊಸ ಆಡಳಿತ ಸುಮಾರು 7 ಸಾವಿರಕ್ಕಿಳಿಸಿತು. ಅಭಿಮಾನಿಗಳ ಮಾತಿಗೆ ಕಿವಿಗೊಟ್ಟಿತು. ಷಿಕಾಗೊದ ವಾಸ್ತುಶಿಲ್ಪಿ ಆ್ಯಡಂ ರೀಡ್ ಟಕರ್ ಇಟ್ಟಿಗೆಯಲ್ಲಿ ಕಟ್ಟುತ್ತಿದ್ದ ಗಗನಚುಂಬಿಗಳಿಂದ 2008ರಲ್ಲಿ ಪ್ರಸಿದ್ಧ ಕಟ್ಟಡಗಳ ಮಾಲಿಕೆಯೇ ಶುರುವಾಯಿತು. ಈಗ 'ಐಡಿಯಾಸ್' ಎಂಬ ಯೋಜನೆಯಿದೆ. ಅಭಿಮಾನಿಯ ಮಾದರಿಗೆ ಹತ್ತು ಸಾವಿರ ಜನರ ಬೆಂಬಲ ಸಿಕ್ಕರೆ ಕಂಪನಿ ಪರಿಶೀಲಿಸುತ್ತದೆ. ಆಯ್ಕೆಯಾದರೆ ನಿವ್ವಳ ಮಾರಾಟದ ಶೇಕಡ ಒಂದು ಭಾಗ ರೂಪಿಸಿದವರಿಗೆ. 2017ರ ಸ್ಯಾಟರ್ನ್ ರಾಕೆಟ್ ಹೀಗೆ ಬಂದದ್ದು. ಮನುಷ್ಯ ಚಂದ್ರನ ಮೇಲಿಳಿದ ವರ್ಷದ ನೆನಪಿಗೆ ಅದರಲ್ಲಿ ತುಂಡುಗಳು ಸರಿಯಾಗಿ 1,969!

ಹರಿಹರದ ಲೆಕ್ಕ

ತಾಜ್‌ಮಹಲಿನ ಡಬ್ಬವನ್ನು ಕಂಪನಿ 2008ರಲ್ಲೇ ತಂದಿತ್ತು, 5,922 ತುಂಡುಗಳದ್ದು. ಹೊಯ್ಸಳರ ಗುಡಿಗೆ ಡಬ್ಬ ಬಂದಿಲ್ಲ. ದಾವಣಗೆರೆಯ ಹುಡುಗನಿಗೆ ಹದಿನೈದು ಕಿಲೋಮೀಟರಿನೊಳಗೇ ಅಂಥದೊಂದು ಗುಡಿ ಇದೆ: ಹರಿಹರದ ಹರಿಹರೇಶ್ವರ. ಇಮ್ಮಡಿ ನರಸಿಂಹನ ದಂಡನಾಯಕ ಪೋಳಾಲ್ವ 1224ರಲ್ಲಿ ಕಟ್ಟಿಸಿದ್ದು. ದೇವರೇ ಅರ್ಧ ಹರಿ, ಅರ್ಧ ಹರ. ಗೋಡೆಯೆಲ್ಲ ಶಿಲ್ಪ ತುಂಬಿಕೊಂಡ ಬೇಲೂರು ಹಳೇಬೀಡಿನ ಅಬ್ಬರ ಇಲ್ಲಿಲ್ಲ, ಸರಳ ಕಟ್ಟಡ. ಇಟ್ಟಿಗೆಯಲ್ಲಿ ಕಟ್ಟುವವನಿಗೆ ಆ ಸರಳತೆಯೇ ಅನುಕೂಲ.

ಮೊದಲನೆಯದು, ತಳವಿನ್ಯಾಸ. ಸೋಮನಾಥಪುರದ ಗುಡಿ ನಕ್ಷತ್ರಾಕಾರ. ಅದರ ಓರೆ ಗೋಡೆಗಳಿಗೆ ಕೀಲು ಬಳಸಬೇಕು, ಕೋನ ನಿಲ್ಲಿಸಲು ಪೈಥಾಗೊರಸನ 3-4-5 ತ್ರಿಕೋನ ಹೂಡಬೇಕು. ಹೈಸ್ಕೂಲಿನ ಪ್ರಮೇಯ ಹೀಗೂ ಕೆಲಸಕ್ಕೆ ಬರುತ್ತದೆ. ಹರಿಹರದ ಮಂಟಪ ಮೆಟ್ಟಿಲು ಮೆಟ್ಟಿಲಾಗಿ ಒಳಸರಿಯುವ ಚೌಕ. ಗುಬುಟುಗಳೂ ಚೌಕಳಿಯಲ್ಲೇ ಇವೆಯಲ್ಲ, ಮೂಲೆಗಳು ತಾವಾಗಿ ಕೂರುತ್ತವೆ.

ಎರಡನೆಯದು, ಅಳತೆ. ಇಟ್ಟಿಗೆಯ ಜೊತೆಗೆ ಬರುವ ಗೊಂಬೆ ಮನುಷ್ಯ ನಾಲ್ಕು ಸೆಂಟಿಮೀಟರ್ ಎತ್ತರ. ಅವನು ಗುಡಿಯೊಳಗೆ ನಿಲ್ಲಬೇಕಾದರೆ ಸುಮಾರು ನಲವತ್ತರಲ್ಲಿ ಒಂದು ಪಾಲಿಗೆ ಇಳಿಸಬೇಕು. ಮಂಟಪದ ಸುತ್ತ ಸುಮಾರು ಒಂದು ಮೀಟರ್ ಎತ್ತರದ ಕೈಪಿಡಿ ಗೋಡೆಯಿದೆ. ಮಾದರಿಯಲ್ಲಿ ಅದು 25 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6, ಅದರ ಮೂರನೇ ಒಂದರಷ್ಟಿರುವ ತೆಳು ಪ್ಲೇಟು 3.2. ಎರಡು ಇಟ್ಟಿಗೆ, ಎರಡು ಪ್ಲೇಟು ಇಟ್ಟರೆ 25.6. ಕೂದಲೆಳೆಯ ಜಗಳವಷ್ಟೇ ಉಳಿಯಿತು.

ಕಷ್ಟವಿರುವುದು ಕಂಬಗಳಲ್ಲಿ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಹೊಯ್ಸಳ ಶಿಲ್ಪಿಗಳು ಕಂಬಗಳನ್ನು ತಿರುಗಣೆಗೆ ಕೊಟ್ಟು ಬಳೆ ಬಳೆಯಾಗಿ, ಗಂಟೆಯಾಗಿ ಕಡೆದರು. ಒಳಗೆ ಪೂರ್ತಿ ಕಂಬ, ಕೈಪಿಡಿ ಗೋಡೆಯ ಮೇಲೆ ಅರೆಗಂಬ. (1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ದಶಕಗಳ ಕಾಲ ಲೇತ್ ತಯಾರಿಸಿದ್ದೂ ಇದೇ ಊರಿನಲ್ಲಿ. ಕಾರ್ಖಾನೆ ಮುಚ್ಚಿತು, ಕಂಬಗಳು ನಿಂತಿವೆ.) ಅಭಿಮಾನಿಗಳ ಬಳಿ ಇದಕ್ಕೂ ಉಪಾಯವುಂಟು. ನಾಲ್ಕು ಗುಬುಟಿನ ದುಂಡು ಇಟ್ಟಿಗೆ, ನಡುವೆ ದುಂಡು ಪ್ಲೇಟು, ಬಳೆಯ ಜಾಗಕ್ಕೆ ಬೋರಲು ತಟ್ಟೆಯಂಥ ತುಂಡು. ಬೆಲೆಬಾಳುವ ಸೆಟ್ಟಿನಲ್ಲಿ ಚಕ್ರದ ಮುಚ್ಚಳವೋ ದೀಪವೋ ಆಗಿದ್ದದ್ದು ಇಲ್ಲಿ ಕಂಬದ ಒಡವೆ. ಅರೆಗಂಬಕ್ಕೆ ಇಟ್ಟಿಗೆಯನ್ನು ಅಡ್ಡ ಮಲಗಿಸಿ ಕೂರಿಸಬೇಕು. ಐದು ಪ್ಲೇಟು ಪೇರಿಸಿದರೆ 16 ಮಿಲಿಮೀಟರ್. ಎರಡು ಗುಬುಟಿನ ಅಗಲವೂ 16. ಹಾಗಾಗಿ ಅಡ್ಡಕ್ಕಿಟ್ಟರೂ ಉದ್ದಕ್ಕಿಟ್ಟರೂ ತಾಳೆಯಾಗುತ್ತದೆ. ಡಬ್ಬದ ಪುಸ್ತಕ ಈ ಗುಟ್ಟನ್ನು ಬಿಡಿಸಿ ಹೇಳುವುದಿಲ್ಲ. ಬಿಚ್ಚಿ ಕಟ್ಟಿದವರಿಗೆ ಸಿಗುತ್ತದೆ.

ಬಣ್ಣ? ಬಳಪದ ಕಲ್ಲಿಗೆ ಬೂದು. ಇದೇನು ಮಹಾ ಎನ್ನಬೇಡಿ. ಕಂಪನಿ 2004ರ ಹೊತ್ತಿಗೆ ಬೂದುಬಣ್ಣವನ್ನು ಒಂದಿಷ್ಟು ನೀಲಿಗೆ ತಿರುಗಿಸಿದಾಗ, ಹಳೆಯದಕ್ಕೆ ಹೊಸದು ಹೊಂದದೆ ಅಭಿಮಾನಿಗಳು ಕೆರಳಿದ್ದರು.

ಖರ್ಚಿನ ಮಾತು ಬೇರೆ. ಆಮದು ಆಟಿಕೆಗಳ ಮೇಲಿನ ಸುಂಕವನ್ನು ಸರ್ಕಾರ 2020ರಲ್ಲಿ ಶೇ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಿತು. ದೇಶದ ತಯಾರಕರಿಗೆ ಒಳ್ಳೆಯದಾಗಲೆಂಬುದು ಉದ್ದೇಶ. ಕೊಪ್ಪಳದ ಬಳಿ ಆಟಿಕೆ ಕ್ಲಸ್ಟರ್ ಬಂದದ್ದೂ ಈ ಅವಧಿಯಲ್ಲೇ. ಆದರೆ ಡೆನ್ಮಾರ್ಕಿನ ಇಟ್ಟಿಗೆಯಲ್ಲಿ ಇಡೀ ಗುಡಿ ಕಟ್ಟುವುದು ಸಂಬಳದವರ ಮನೆಗೆ ಆಗದ ಮಾತು. ಎರಡು ದಾರಿಗಳಿವೆ. ಬಿಟ್ಟಿ ತಂತ್ರಾಂಶದಲ್ಲಿ ಒಂದು ಪೈಸೆ ಖರ್ಚಿಲ್ಲದೆ ಗುಡಿಯನ್ನು ಪೂರ್ತಿ ಎಬ್ಬಿಸುವುದು ಒಂದು. ಇನ್ನೊಂದು, ಷೋಕೇಸಿನ ಬೀಗ ತೆಗೆಯುವುದು. ನಾಲ್ಕು ಮನೆಯ ಕಾರು, ರಾಕೆಟ್ಟುಗಳನ್ನು ಒಂದು ಜಮಖಾನೆಯ ಮೇಲೆ ಸುರಿದರೆ ಗುಡಿಯಲ್ಲದಿದ್ದರೂ ಮಂಟಪದ ಒಂದು ಮೂಲೆಗಾಗುವಷ್ಟು ತುಂಡು ಸಿಕ್ಕೀತು, ಬಣ್ಣ ಕಲಬೆರಕೆಯಾದರೂ ಚಿಂತೆಯಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಜಿಗುಟು ಮಣ್ಣಿನಲ್ಲಿ ಎತ್ತು, ಗೋದಲಿ ಮಾಡಿದ ಬಯಲುಸೀಮೆಯ ಮಕ್ಕಳಿಗೆ ಯಾರೂ ಪುಸ್ತಕ ಕೊಟ್ಟಿರಲಿಲ್ಲ. ದಸರೆಯಲ್ಲಿ ಪಟ್ಟದ ಗೊಂಬೆ ಅಂಗಡಿಯದಾದರೂ ಪಕ್ಕದ ಪಾರ್ಕು ಮನೆಯವರದೇ ಕೈಚಳಕ.

ಕೊನೆಗೆ ಶಿಖರದ ಪ್ರಶ್ನೆ ಉಳಿಯುತ್ತದೆ. ಹರಿಹರೇಶ್ವರನ ಗರ್ಭಗುಡಿಯ ಮೇಲಿನ ಮೂಲ ಶಿಖರ ಉಳಿದಿಲ್ಲ. ಈಗಿರುವುದು ನಂತರದವರು ಇಟ್ಟಿಗೆ ಗಾರೆಯಲ್ಲಿ ಎಬ್ಬಿಸಿದ್ದು. ಕಣ್ಣಿಗೆ ಕಾಣುವುದನ್ನು ಕಟ್ಟಬೇಕೇ, ಪೋಳಾಲ್ವನ ಕಾಲದ್ದನ್ನು ಇತರ ಹೊಯ್ಸಳ ಗುಡಿಗಳನ್ನು ನೋಡಿ ಊಹಿಸಿ ಕಟ್ಟಬೇಕೇ? ಕಲ್ಲಿನಲ್ಲಾದರೆ ಒಂದನ್ನೇ ಆರಿಸಬೇಕಿತ್ತು. ಪ್ಲಾಸ್ಟಿಕ್ ಇಟ್ಟಿಗೆಯಲ್ಲಿ ಎರಡನ್ನೂ ಕಟ್ಟಿಡಬಹುದು. ನಾಲ್ಕೇ ಗುಬುಟಿನ ಮೇಲೆ ಕೂರುವಂತೆ ಮಾಡಿಟ್ಟರೆ ಬೆಳಿಗ್ಗೆ ಒಂದು ಶಿಖರ, ಸಂಜೆಗೆ ಇನ್ನೊಂದು.