ವಜ್ರದ ಗುರುತಿನ ಎದುರಾಳಿ

ಹಳಿಯಾಳದಲ್ಲೋ ಮುಂಡಗೋಡದಲ್ಲೋ ಎಂಟನೇ ತರಗತಿಯ ಹುಡುಗನೊಬ್ಬ ಅಪ್ಪನ ಮೊಬೈಲಿನಲ್ಲಿ ಚೆಸ್ ಆಡಲು ಕುಳಿತಿದ್ದಾನೆ ಎಂದುಕೊಳ್ಳಿ. ಎದುರಾಳಿ ಯಾವ ದೇಶದವನೋ ಗೊತ್ತಿಲ್ಲ. ಅವನ ಹೆಸರಿನ ಪಕ್ಕದಲ್ಲಿ ಪುಟ್ಟದೊಂದು ವಜ್ರದ ಗುರುತಿದೆ. ಅಂದರೆ ಆತ ದುಡ್ಡು ಕಟ್ಟಿ ಸದಸ್ಯನಾದವನು. ನಮ್ಮ ಹುಡುಗನದು ಪುಕ್ಕಟೆ ಖಾತೆ. ಹದಿನೈದನೇ ನಡೆಗೆ ಕುದುರೆ ಹೋಯಿತು, ಇಪ್ಪತ್ತೈದಕ್ಕೆ ಆಟವೇ ಹೋಯಿತು. ಮೊಬೈಲನ್ನು ಮಂಚದ ಮೇಲೆ ಬಿಸಾಕಿದ ಹುಡುಗ, "ಅಪ್ಪಾ, ಅವರೆಲ್ಲ ರೊಕ್ಕ ಕೊಟ್ಟವರು. ನಮ್ಮನ್ನ ಅವರ ಮುಂದ ಸೋಲಲಿಕ್ಕೇ ಕುಂಡ್ರಿಸ್ತಾರ. ನೀನೂ ರೊಕ್ಕ ಕಟ್ಟು" ಎನ್ನುತ್ತಾನೆ.

ಅಪ್ಪ ಏನು ಹೇಳಬೇಕು?

ಮೊದಲು ಹುಡುಗನ ಅನುಮಾನವನ್ನೇ ನೋಡೋಣ. ಚೆಸ್ ತಾಣಗಳಲ್ಲಿ ಜೋಡಿ ಹೊಂದಿಸುವಾಗ ನೋಡುವುದು ಆಟಗಾರನ ರೇಟಿಂಗ್ ಮತ್ತು ಆತ ಆರಿಸಿಕೊಂಡ ಸಮಯವನ್ನು. ರೇಟಿಂಗ್ ಎಂಬ ಈ ಲೆಕ್ಕ ಹಂಗೇರಿ ಮೂಲದ ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕ ಅರ್ಪಾಡ್ ಇಲೋ ಅವರದು. ವಿಶ್ವ ಚೆಸ್ ಸಂಸ್ಥೆ ಫಿಡೆ ಇದನ್ನು 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ನೂರು ಆಟಗಳಲ್ಲಿ ಬಲಶಾಲಿಗೆ ಸುಮಾರು 76 ಪಾಯಿಂಟ್ ಸಿಗುತ್ತವೆ. ಅಂತರ 400 ಆದರೆ 91ರಷ್ಟು. ಇಂದಿನ ತಾಣಗಳು ಬಳಸುವುದು ಇದರದೇ ಸುಧಾರಿತ ರೂಪಗಳನ್ನು. ಈ ಗಣಿತದಲ್ಲಿ ದುಡ್ಡಿಗೆ ಜಾಗವಿಲ್ಲ. ವಜ್ರದ ಗುರುತು ಹಾಕಿಕೊಂಡೂ 800ರಲ್ಲೇ ಕುಳಿತಿರುವವರು ಬೇಕಾದಷ್ಟು ಮಂದಿ ಇದ್ದಾರೆ.

ಹಾಗಾದರೆ ಹೊಸಬರು ಮೊದಮೊದಲು ಸೋಲುವುದೇಕೆ? ಹೊಸ ಖಾತೆಯವನ ಬಲ ಎಷ್ಟೆಂದು ತಾಣಕ್ಕೆ ಗೊತ್ತಿರುವುದಿಲ್ಲ. ಲಿಚೆಸ್ ಎಂಬ ತಾಣ ಎಲ್ಲರಿಗೂ 1500 ಕೊಟ್ಟೇ ಆರಂಭಿಸುತ್ತದೆ. ಆನೆ, ಒಂಟೆಗಳ ನಡೆಯನ್ನು ಕಳೆದ ವಾರವಷ್ಟೇ ಕಲಿತ ಮಗುವಿಗೆ ಅದು ದೊಡ್ಡ ಅಂಕ. ಸಾಲಾಗಿ ಕೆಲವು ಆಟ ಸೋತ ಮೇಲೆ ಅಂಕ ಇಳಿದು ಸರಿಜೋಡಿ ಸಿಗುತ್ತದೆ. ಈ ಸೋಲುಗಳಿಗೆ ಹೆದರಿ ಆಟ ಬಿಡುವ ಮಕ್ಕಳಿಗೆ ಇಷ್ಟನ್ನು ಮೊದಲೇ ಹೇಳಿದರೆ ಅರ್ಧ ಅಳು ಕಡಿಮೆಯಾದೀತು.

ಹಳೆಯ ಜಗಳ

ದುಡ್ಡು ಕೊಟ್ಟವರು, ಕೊಡದವರು ಎಂಬ ಭೇದ ನಿನ್ನೆ ಮೊನ್ನೆಯದಲ್ಲ. ಅಂತರಜಾಲದಲ್ಲಿ ಚೆಸ್ ಆಡಿಸುವ ಕಂಪ್ಯೂಟರ್ ವ್ಯವಸ್ಥೆ 1992ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಆಗ ಎಲ್ಲವೂ ಉಚಿತ. ಆಸಕ್ತರು ತಮ್ಮ ಬಿಡುವಿನಲ್ಲಿ ಅದನ್ನು ಬೆಳೆಸಿದರು. 1995ರಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇನಿಯಲ್ ಸ್ಲೀಟರ್ ಅದನ್ನು ಇಂಟರ್ನೆಟ್ ಚೆಸ್ ಕ್ಲಬ್, ಅಂದರೆ ಐಸಿಸಿ (ಕ್ರಿಕೆಟ್ಟಿನದಲ್ಲ!) ಎಂದು ಮಾರ್ಪಡಿಸಿ ಸದಸ್ಯತ್ವ ಶುಲ್ಕ ಗೊತ್ತು ಮಾಡಿದರು. ನಾವೂ ದುಡಿದು ಕಟ್ಟಿದ್ದಕ್ಕೆ ನಾವೇ ದುಡ್ಡು ಕೊಡಬೇಕೇ ಎಂದು ಸಿಟ್ಟಾದ ಕೆಲವರು ಅದೇ ವರ್ಷ ಉಚಿತ ತಾಣವೊಂದನ್ನು ತೆರೆದರು. ಅಂದಿನಿಂದ ಎರಡು ದಾರಿಗಳೂ ನಡೆದು ಬಂದಿವೆ. 2007ರಲ್ಲಿ ಬಂದ ಚೆಸ್.ಕಾಂ ಶುಲ್ಕದ ಸದಸ್ಯತ್ವವನ್ನೂ ಪುಕ್ಕಟೆ ಖಾತೆಯನ್ನೂ ಇಟ್ಟುಕೊಂಡಿದೆ. 2010ರಲ್ಲಿ ಫ್ರಾನ್ಸಿನ ಥಿಬೋ ಡುಪ್ಲೆಸಿ ಆರಂಭಿಸಿದ ಲಿಚೆಸ್ ದೇಣಿಗೆಯ ಮೇಲೆ ನಡೆಯುತ್ತದೆ. ಅಲ್ಲಿ ದೇಣಿಗೆ ಕೊಟ್ಟವರಿಗೆ ಹೆಸರಿನ ಮುಂದೆ ಒಂದು ರೆಕ್ಕೆಯ ಚಿತ್ರ ಸಿಗುತ್ತದೆ, ಅಷ್ಟೇ. ಸೌಲಭ್ಯ ಎಲ್ಲರಿಗೂ ಒಂದೇ.

ಶುಲ್ಕ ಕೊಟ್ಟವರಿಗೆ ಸಿಗುವುದಾದರೂ ಏನು? ಆಟ ಮುಗಿದ ಮೇಲೆ ತಪ್ಪುಗಳನ್ನು ತೋರಿಸುವ ವಿಶ್ಲೇಷಣೆ, ಬಿಡಿಸಲು ಹೆಚ್ಚು ಸಮಸ್ಯೆಗಳು, ಪಾಠಗಳು. ಪುಕ್ಕಟೆ ಖಾತೆಗೆ ಇವು ದಿನಕ್ಕೆ ಇಷ್ಟೇ ಎಂಬ ಮಿತಿ ಇರುತ್ತದೆ. ದಿನವೂ ತನ್ನ ಸೋಲನ್ನು ತಿರುವಿ ನೋಡುವ ಮಗುವಿಗೆ ಇದರಿಂದ ಉಪಯೋಗ ಇಲ್ಲವೆನ್ನಲಾರೆ. ಆದರೆ ಲಿಚೆಸ್ಸಿನಲ್ಲಿ ಸ್ಟಾಕ್‌ಫಿಶ್ ಎಂಬ ಅತಿ ಬಲಶಾಲಿ ಚೆಸ್ ಯಂತ್ರ ಇದೇ ಕೆಲಸವನ್ನು ಬಿಟ್ಟಿ ಮಾಡಿಕೊಡುತ್ತದೆ. ಸೋತ ಕೂಡಲೇ ಹೊಸ ಆಟದ ಗುಂಡಿ ಒತ್ತುವ ಮಗುವಿಗಂತೂ ಎರಡೂ ದಂಡ.

ದುಡ್ಡು ಕೊಟ್ಟವರಿಗೂ ಒಂದು ದೂರಿದೆ, ಅದನ್ನೂ ಕೇಳಬೇಕು. ಪುಕ್ಕಟೆ ಖಾತೆಯವನಿಗೆ ಕಳೆದುಕೊಳ್ಳಲು ಏನೂ ಇಲ್ಲ. ಸೋಲುವಾಗ ಎದ್ದು ಹೋಗುತ್ತಾನೆ, ಕದ್ದು ಕಂಪ್ಯೂಟರಿನ ಸಹಾಯ ಪಡೆದು ಸಿಕ್ಕಿಬಿದ್ದರೆ ಇನ್ನೊಂದು ಹೆಸರಿನಲ್ಲಿ ಬರುತ್ತಾನೆ ಎನ್ನುವುದು ಅವರ ಮಾತು. ಸ್ವಲ್ಪ ನಿಜವಿರಬಹುದು. ಆದರೆ ಕಳ್ಳಾಟಕ್ಕೂ ಬಡತನಕ್ಕೂ ನಂಟು ಕಟ್ಟುವ ಮೊದಲು 2021ರ ಜೂನ್ ತಿಂಗಳನ್ನು ನೆನೆಯಿರಿ. ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಆಡಿದ ಪ್ರದರ್ಶನ ಪಂದ್ಯದಲ್ಲಿ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಐದು ಬಾರಿಯ ವಿಶ್ವ ಚಾಂಪಿಯನ್ನರನ್ನೇ ಸೋಲಿಸಿದರು! ಮರುದಿನ, ಕಂಪ್ಯೂಟರಿನ ಮತ್ತು ವಿಶ್ಲೇಷಕರ ನೆರವು ಪಡೆದಿದ್ದಾಗಿ ತಾವೇ ಒಪ್ಪಿಕೊಂಡರು. ಅವರಿಗೇನು ಸದಸ್ಯತ್ವ ಶುಲ್ಕ ಭಾರವಾಗಿತ್ತೇ?

ಸಿಗ್ನಲ್ಲೇ ದೊಡ್ಡ ಎದುರಾಳಿ

ನಮ್ಮ ಕಡೆಯ ಮಕ್ಕಳನ್ನು ನಿಜವಾಗಿ ಸೋಲಿಸುವುದು ಬೇರೆಯೇ. ದಾಂಡೇಲಿ ಪೇಟೆಯಲ್ಲಿ ಕುಳಿತು ಆಡುವ ಹುಡುಗಿಗೂ ಜೋಯಿಡಾದ ಕಾಡಿನ ನಡುವಿನ ಊರಿನ ಹುಡುಗಿಗೂ ರೇಟಿಂಗ್ ಒಂದೇ ಇದ್ದರೂ ಸಿಗ್ನಲ್ ಒಂದೇ ಅಲ್ಲ. ಸೂಪಾ ಅಣೆಕಟ್ಟೆಯ ನೀರಿನಿಂದ ಕರೆಂಟು ತಯಾರಾಗುವ ತಾಲ್ಲೂಕಿನಲ್ಲೇ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಮೊಬೈಲೂ ಮಲಗುತ್ತದೆ. ಗೆಲ್ಲುವ ಸ್ಥಿತಿಯಲ್ಲಿದ್ದರೂ ಪರದೆಯ ಗಡಿಯಾರ ಕಾಯುವುದಿಲ್ಲ.

ಇದು ಹಳ್ಳಿಯವರ ಪಾಡು ಮಾತ್ರವೆಂದು ತಿಳಿಯಬೇಡಿ. 2020ರ ಆಗಸ್ಟ್ 30ರಂದು ಆನ್‌ಲೈನ್ ಚೆಸ್ ಒಲಿಂಪಿಯಾಡಿನ ಫೈನಲ್ಲಿನಲ್ಲಿ ರಷ್ಯಾದ ವಿರುದ್ಧ ಆಡುತ್ತಿದ್ದ ನಮ್ಮ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶಮುಖ್ ಅವರ ಸಂಪರ್ಕ ಕಡಿದು, ಇಬ್ಬರೂ ಸಮಯ ಮೀರಿ ಸೋತರು. ಭಾರತ ಮೇಲ್ಮನವಿ ಸಲ್ಲಿಸಿತು. ಫಿಡೆ ಎರಡೂ ದೇಶಗಳನ್ನು ಜಂಟಿ ವಿಜೇತರೆಂದು ಸಾರಿತು. ಜೋಯಿಡಾದ ಹುಡುಗಿಗೆ ಮೇಲ್ಮನವಿಯ ಕಚೇರಿ ಇಲ್ಲ. ಅವಳ ಹತ್ತು ಅಂಕ ಹೋದವು ಎಂದರೆ ಹೋದವು.

ಅವಳಿಗೆ ದಾರಿ ಇಲ್ಲದಿಲ್ಲ. ಹಿಂದೆ ಅಂಚೆ ಕಾರ್ಡಿನಲ್ಲಿ ನಡೆ ಬರೆದು ಕಳಿಸಿ ತಿಂಗಳುಗಟ್ಟಲೆ ಚೆಸ್ ಆಡುತ್ತಿದ್ದರಲ್ಲ, ಆ ಆಟ ಎರಡೂ ತಾಣಗಳಲ್ಲಿ ಉಳಿದಿದೆ. ಪುಕ್ಕಟೆ ಖಾತೆಯಿಂದಲೇ ಆಡಬಹುದು. ಒಂದು ನಡೆಗೆ ಒಂದು ದಿನ, ಮೂರು ದಿನ ಎಂದು ಗಡುವು ಇಟ್ಟುಕೊಳ್ಳಬಹುದು. ಲಿಚೆಸ್ಸಿನ ಆ್ಯಪ್ ಸಂಪರ್ಕವಿದ್ದಾಗ ಕೆಲವು ಸಮಸ್ಯೆಗಳನ್ನು ತಂದಿಟ್ಟುಕೊಂಡು ಸಿಗ್ನಲ್ ಇಲ್ಲದಾಗಲೂ ಬಿಡಿಸಲು ಕೊಡುತ್ತದೆ. ಬೆಳಿಗ್ಗೆ ಶಾಲೆಗೆ ಹೊರಟವಳು ಸಿಗ್ನಲ್ ಸಿಗುವ ತಿರುವಿನಲ್ಲಿ ಒಂದು ನಿಮಿಷ ನಿಂತು ಕುದುರೆ ನಡೆಸಿ ಹೋಗಲಿ. ಎದುರಾಳಿ ವಜ್ರದವನೋ ಬಿಟ್ಟಿಯವನೋ, ಉತ್ತರ ಕೊಡಲು ಅವನೂ ನಾಳೆಯವರೆಗೆ ತಲೆ ಕೆರೆದುಕೊಳ್ಳುತ್ತಿರಲಿ.