ಬಿದ್ದ ಜಾಗ, ಬೀಳದ ಜಾಗ

2008ರ ಮೇ ತಿಂಗಳಿಂದ ಮರುವರ್ಷದ ನವೆಂಬರ್‌ವರೆಗೆ ಕೆನಡಾದ ಟೊರಾಂಟೊ ಮತ್ತು ವ್ಯಾಂಕೂವರ್ ನಗರಗಳ ಐದು ಆಸ್ಪತ್ರೆಗಳಲ್ಲಿ ಒಂದು ಪಟ್ಟಿ ಬೆಳೆಯುತ್ತಿತ್ತು. ಸೈಕಲ್ಲಿನಿಂದ ಬಿದ್ದು, ಇಲ್ಲವೇ ಕಾರಿಗೋ ಕಂಬಕ್ಕೋ ಗುದ್ದಿಕೊಂಡು ಎಮರ್ಜೆನ್ಸಿ ವಿಭಾಗಕ್ಕೆ ಬಂದವರ ಪಟ್ಟಿ ಅದು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೇ ಟೆಶ್ಕಿ ಮತ್ತು ಅವರ ತಂಡ ಈ ಗಾಯಾಳುಗಳನ್ನು ಕೂರಿಸಿಕೊಂಡು, ಮುಂದೆ ನಕ್ಷೆ ಹರಡಿ, ಅವತ್ತು ಹೊರಟದ್ದು ಎಲ್ಲಿಂದ, ಯಾವ ಯಾವ ರಸ್ತೆ ಹಿಡಿದಿರಿ, ಬಿದ್ದದ್ದು ಎಲ್ಲಿ ಎಂದು ವಿಚಾರಿಸುತ್ತಿತ್ತು. ಹಾದಿಯನ್ನು ನಕ್ಷೆಯ ಮೇಲೆ ಗುರುತಿಸಿಕೊಂಡ ಮೇಲೆ ಅದೇ ಹಾದಿಯಲ್ಲಿ ಚೀಟಿ ಎತ್ತಿದಂತೆ ಇನ್ನೊಂದು ಜಾಗವನ್ನು ಆರಿಸುತ್ತಿದ್ದರು. ಅಂದರೆ ಆ ಸೈಕಲ್ ಸವಾರರು ಅವತ್ತೇ, ಅದೇ ಸೈಕಲ್ಲಿನಲ್ಲಿ, ಏನೂ ಆಗದೆ ದಾಟಿ ಬಂದಿದ್ದ ಜಾಗ. ಆಮೇಲೆ ಅಳತೆಯವರು ಎರಡೂ ಕಡೆ ಹೋಗಿ ನೋಡುತ್ತಿದ್ದರು: ರಸ್ತೆ ಎಂಥದ್ದು, ಅಂಚಿಗೆ ಕಾರು ನಿಂತಿವೆಯೇ, ಇಳಿಜಾರೇ, ಟ್ರ್ಯಾಮ್ ಹಳಿ ಇದೆಯೇ, ಸೈಕಲ್ಲಿಗೆ ಬೇರೆ ಪಥ ಇದೆಯೇ. ಎರಡರಲ್ಲಿ ಬಿದ್ದ ಜಾಗ ಯಾವುದು, ಬೀಳದ ಜಾಗ ಯಾವುದು ಎಂಬುದನ್ನು ಮಾತ್ರ ಅವರಿಗೆ ಹೇಳುತ್ತಿರಲಿಲ್ಲ.

ಇಷ್ಟು ಸುತ್ತುಬಳಸು ಯಾಕೆ ಬೇಕಾಯಿತು ಎನ್ನುವುದೇ ಈ ಕತೆ. ಸೈಕಲ್ಲಿಗೆ ಕಲ್ಲಿನ ಅಂಚು ಕಟ್ಟಿ ಪ್ರತ್ಯೇಕ ಪಥ ಮಾಡಿದರೆ ಸುರಕ್ಷಿತವೋ, ರಸ್ತೆಯ ಮೇಲೆ ಬಿಳಿ ಗೆರೆ ಎಳೆದರೆ ಸಾಕೋ, ಅಥವಾ ಕಾರುಗಳ ನಡುವೆ ಕಾರಿನ ಹಾಗೆಯೇ ಹೋಗುವುದು ಮೇಲೋ? ಮೇಲ್ನೋಟಕ್ಕೆ ಉತ್ತರ ಗೊತ್ತಿರುವಂತೆ ಕಾಣುವ ಈ ಪ್ರಶ್ನೆಯ ಮೇಲೆ ಉತ್ತರ ಅಮೆರಿಕದ ತಜ್ಞರು ನಲವತ್ತು ವರ್ಷ ಜಗಳವಾಡಿದರು. ಗೋಡೆ ಇದ್ದರೆ ಕಾರು ಬಂದು ಗುದ್ದುವುದಿಲ್ಲ, ಅದಕ್ಕೇಕೆ ಸಂಶೋಧನೆ ಎನ್ನಿಸಬಹುದು. ಆದರೆ ಪ್ರತ್ಯೇಕ ಪಥ ಬೇಡ ಎಂದು ಗಟ್ಟಿಯಾಗಿ ಕೂಗಿದವರು ಸೈಕಲ್ ದ್ವೇಷಿಗಳಲ್ಲ, ಸೈಕಲ್ ಮೇಲೆಯೇ ಜೀವನ ಸವೆಸಿದವರು.

ಅವರಲ್ಲಿ ಮೊದಲ ಹೆಸರು ಜಾನ್ ಫಾರೆಸ್ಟರ್. ಹಾರ್ನ್‌ಬ್ಲೋವರ್ ಸಮುದ್ರ ಸಾಹಸದ ಕಾದಂಬರಿಗಳನ್ನು ಬರೆದ ಸಿ. ಎಸ್. ಫಾರೆಸ್ಟರ್ ಅವರ ಮಗ, ವೃತ್ತಿಯಿಂದ ಕೈಗಾರಿಕಾ ಎಂಜಿನಿಯರ್. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊ ನಗರಸಭೆ ಕೆಲವು ರಸ್ತೆಗಳಲ್ಲಿ ಸೈಕಲ್ ಸವಾರರು ಫುಟ್‌ಪಾತ್ ಮೇಲೆಯೇ ಹೋಗಬೇಕೆಂದು ಕಾನೂನು ಮಾಡಿತು. ಫಾರೆಸ್ಟರ್ ಬೇಕೆಂದೇ ರಸ್ತೆಗಿಳಿದು ದಂಡದ ಚೀಟಿ ಹರಿಸಿಕೊಂಡರು, ಕೋರ್ಟಿಗೂ ಹೋದರು. ಆ ಫುಟ್‌ಪಾತ್ ಪಥದಲ್ಲಿ ತಮ್ಮ ಮಾಮೂಲಿ ವೇಗದಲ್ಲೇ ಸೈಕಲ್ ಓಡಿಸಿ ನೋಡಿ, ಇದು ರಸ್ತೆಗಿಂತ ಸಾವಿರ ಪಟ್ಟು ಅಪಾಯ ಎಂದು ಸಾರಿದರು. ಒಬ್ಬನೇ ಸವಾರ, ತಾನೇ ಪರೀಕ್ಷಕ, ತಾನೇ ತೀರ್ಪುಗಾರ. ಇಂಥ ಪ್ರಯೋಗದಿಂದ ಬಂದ ಅಂಕಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟು ಕೊಟ್ಟರೆ ಸಾಕು. ಆದರೆ ಅವರು ತೋರಿಸಿದ ಅಪಾಯ ಸುಳ್ಳಲ್ಲ. ಕೂಡುರಸ್ತೆಯಲ್ಲಿ ತಿರುಗುವ ಕಾರಿನವನು ರಸ್ತೆ ನೋಡುತ್ತಾನೆ, ಪಕ್ಕದ ಪಥ ನೋಡುವುದಿಲ್ಲ. ಸೈಕಲ್ಲಿನವನು ಸೀದಾ ಅವನ ಬಾನೆಟ್ಟಿನ ಮುಂದೆ ಬಂದು ನಿಲ್ಲುತ್ತಾನೆ.

ಇದೇ ಪಾಠ ಅದೇ ರಾಜ್ಯದ ಡೇವಿಸ್ ಪಟ್ಟಣಕ್ಕೂ ಆಗಿತ್ತು. ನೆದರ್ಲೆಂಡ್ಸ್‌ನಲ್ಲಿ ಕೆಲಕಾಲ ಇದ್ದು ಬಂದ ಒಂದು ಪ್ರಾಧ್ಯಾಪಕ ಕುಟುಂಬದ ಒತ್ತಾಯದಿಂದ 1967ರಲ್ಲಿ ಅಲ್ಲಿ ಸೈಕಲ್ ಲೇನ್‌ಗಳು ಬಂದವು. ಡೇವಿಸ್‌ನವರು ಒಂದೇ ಬಗೆಗೆ ಅಂಟಿಕೊಳ್ಳಲಿಲ್ಲ. ಒಂದು ಕಡೆ ಬರೀ ಗೆರೆ, ಒಂದು ಕಡೆ ನಿಲ್ಲಿಸಿದ ಕಾರುಗಳ ಆಚೆಗೆ ಪಥ, ಇನ್ನೊಂದು ಕಡೆ ಕಾಂಕ್ರೀಟ್ ದಿಂಡು ಇಟ್ಟ ಪಥ ಮಾಡಿ ನೋಡಿದರು. ನಿಂತ ಕಾರುಗಳ ಮರೆಯಿಂದ ಬರುವ ಸೈಕಲ್ ತಿರುವಿನಲ್ಲಿ ಯಾರಿಗೂ ಕಾಣುವುದಿಲ್ಲ ಎಂಬ ತೊಂದರೆ ಬೇಗನೆ ಗೊತ್ತಾಯಿತು. ಕೊನೆಗೆ ಗೆರೆ ಲೇನ್ ಉಳಿದುಕೊಂಡಿತು. ಅಲ್ಲಿನ ಡೇಲ್ ಲಾಟ್, ಡೊನ್ನಾ ಲಾಟ್ ದಂಪತಿ 1976ರಲ್ಲಿ ಅಪಘಾತಗಳನ್ನು ಹತ್ತು ಬಗೆಯಾಗಿ ವಿಂಗಡಿಸಿ, ಗೆರೆ ಲೇನಿನಿಂದಲೂ ಅನುಕೂಲ ಆಗಿದೆ ಎಂದು ತೋರಿಸಿದರು.

ಫಾರೆಸ್ಟರ್ ಪಕ್ಷಕ್ಕೆ ನಿಜವಾದ ಬಲ ಬಂದದ್ದು ಕೆನೆತ್ ಕ್ರಾಸ್ ಅವರ ಅಧ್ಯಯನದಿಂದ. ಹಿಂದಿನಿಂದ ಬಂದ ಕಾರು ಗುದ್ದುವುದೇ ಸೈಕಲ್ ಸವಾರರ ದೊಡ್ಡ ಭಯ, ಪ್ರತ್ಯೇಕ ಪಥ ಕೇಳುವುದೂ ಅದಕ್ಕೇ. 1977ರ ಆ ವರದಿ ನೋಡಿದರೆ ಗಾಯದ ಅಪಘಾತಗಳಲ್ಲಿ ಹಿಂದಿನಿಂದ ಆದವು ಸುಮಾರು ಹತ್ತರಲ್ಲಿ ಒಂದು ಮಾತ್ರ. ಮಿಕ್ಕವು ಬಹುಪಾಲು ಕೂಡುರಸ್ತೆಯಲ್ಲಿ, ಗೇಟಿನ ಬಾಯಲ್ಲಿ, ತಿರುವಿನಲ್ಲಿ. ಅಲ್ಲಿ ನೋಡಿ, ಇಲ್ಲದ ಭೂತಕ್ಕೆ ಬೇಲಿ ಕಟ್ಟುತ್ತಿದ್ದೀರಿ ಎಂದು ಫಾರೆಸ್ಟರ್ ಕಡೆಯವರು ಹಂಗಿಸಿದರು. ಅದೇ ವರದಿಯಲ್ಲಿ, ಸಾವಿನ ಪ್ರಕರಣಗಳಲ್ಲಿ ಹಿಂದಿನಿಂದ ಗುದ್ದಿದವು ಮೂರನೇ ಒಂದಕ್ಕಿಂತ ಹೆಚ್ಚು ಎಂಬ ಸಾಲೂ ಇತ್ತು. ಅದನ್ನು ಯಾರೂ ಅಷ್ಟು ಜೋರಾಗಿ ಓದಲಿಲ್ಲ. ಅಮೆರಿಕದ ಹೆದ್ದಾರಿ ಅಧಿಕಾರಿಗಳ ಸಂಘದ ಮಾರ್ಗದರ್ಶಿಗಳು ರಸ್ತೆ ಪಕ್ಕದ ಪಥಗಳ ವಿರುದ್ಧ ಎಚ್ಚರಿಸುತ್ತಲೇ ಬಂದವು. ಒಂದಿಡೀ ತಲೆಮಾರಿನ ಎಂಜಿನಿಯರುಗಳಿಗೆ ಅದೇ ಪಾಠಪುಸ್ತಕವಾಯಿತು.

ಎರಡೂ ಪಕ್ಷದ ಕೈಯಲ್ಲಿ ಅಪಘಾತದ ಲೆಕ್ಕವಿತ್ತು. ಯಾರ ಕೈಯಲ್ಲೂ ಇಲ್ಲದ್ದು ಅಪಘಾತವಾಗದ ಸವಾರಿಯ ಲೆಕ್ಕ. ರಥಬೀದಿಯಲ್ಲಿ ನೂರು ಜನ ಕಾಲು ತುಳಿಸಿಕೊಂಡರು, ಹಿತ್ತಲ ಓಣಿಯಲ್ಲಿ ಇಬ್ಬರೇ ಎಂದ ಮಾತ್ರಕ್ಕೆ ಓಣಿ ಸುರಕ್ಷಿತ ಎನ್ನಲಾದೀತೇ? ರಥಬೀದಿಯಲ್ಲಿ ಎಷ್ಟು ಸಾವಿರ ಜನ ನಡೆದರು, ಓಣಿಯಲ್ಲಿ ಎಷ್ಟು ಮಂದಿ ಎಂಬುದು ಮೊದಲು ತಿಳಿಯಬೇಕು. ಕಾರುಗಳ ಎಣಿಕೆ ನಗರಸಭೆಗಳ ಕೈಲಿತ್ತು, ಸೈಕಲ್ಲುಗಳನ್ನು ಎಣಿಸಿದವರು ವಿರಳ. ಅದಲ್ಲದೆ ಪ್ರತ್ಯೇಕ ಪಥದಲ್ಲಿ ಬರುವವರೇ ಬೇರೆ. ಅಲ್ಲಿ ಹೆದರುವವರು, ನಿಧಾನಿಗಳು, ಮಕ್ಕಳು, ವಯಸ್ಸಾದವರು ಹೆಚ್ಚು. ದಟ್ಟ ರಸ್ತೆಯಲ್ಲಿ ಹುರಿಯಾಳುಗಳೇ ಹೆಚ್ಚು. ಗಾಯಕ್ಕೆ ಕಾರಣ ರಸ್ತೆಯೋ ಸವಾರನೋ ಎಂದು ಬಿಡಿಸುವುದು ಹೇಗೆ?

ಕೋಪನ್‌ಹೇಗನ್‌ನಂಥ ಸೈಕಲ್ ನಗರದ ಲೆಕ್ಕ ಕೂಡ ಇದನ್ನು ಬಿಡಿಸಲಿಲ್ಲ, ಇನ್ನಷ್ಟು ಕಗ್ಗಂಟು ಮಾಡಿತು. ಸೋರೆನ್ ಉನ್‌ಡರ್ಲಿಯೆನ್ ಯೆನ್ಸನ್ ಅಲ್ಲಿ ಪಥ ಕಟ್ಟುವ ಮೊದಲಿನ ಮತ್ತು ನಂತರದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಪ್ರತ್ಯೇಕ ಪಥ ಬಂದ ಮೇಲೆ ಸೈಕಲ್ ಓಡಾಟ ಶೇ. 18ರಿಂದ 20ರಷ್ಟು ಏರಿತ್ತು. ಆದರೆ ಅಪಘಾತಗಳೂ ನಿರೀಕ್ಷೆಗಿಂತ ಶೇ. 9ರಷ್ಟು ಹೆಚ್ಚಿದ್ದವು! ಬಿಡಿಸಿ ನೋಡಿದಾಗ ಎರಡು ಕೂಡುರಸ್ತೆಗಳ ನಡುವಿನ ಓಟದಲ್ಲಿ ಅಪಘಾತ ಇಳಿದಿತ್ತು, ಕೂಡುರಸ್ತೆಯಲ್ಲಿ ಏರಿತ್ತು. ಪಥಕ್ಕಾಗಿ ಮುಖ್ಯರಸ್ತೆಯ ಪಾರ್ಕಿಂಗ್ ತೆಗೆದುಹಾಕಿದ ಕಡೆ ಕಾರಿನವರು ಜಾಗ ಹುಡುಕಿಕೊಂಡು ಅಡ್ಡರಸ್ತೆಗಳಿಗೆ ತಿರುಗತೊಡಗಿದ್ದರು. ಪ್ರತಿಯೊಂದು ತಿರುವೂ ಒಂದು ಸೈಕಲ್ ಪಥಕ್ಕೆ ಅಡ್ಡ. ಈ ಸೂಕ್ಷ್ಮವನ್ನು ಹಿಡಿದದ್ದಕ್ಕೇ ಯೆನ್ಸನ್ ಅವರ ಕೆಲಸ ನನಗೆ ಬಹಳ ಮೆಚ್ಚು. ಅವರ ಒಂದೇ ಒಂದು ಅಂಕಿಯನ್ನು ಕಿತ್ತುಕೊಂಡು ಪಥವೇ ಬೇಡ ಎಂದು ವಾದಿಸಿದವರು ಈ ಭಾಗವನ್ನು ಓದಿದಂತೆ ಕಾಣುವುದಿಲ್ಲ.

ಅತ್ತ ಹಾರ್ವರ್ಡ್‌ನ ಆನ್ ಲಸ್ಕ್ ಮಾಂಟ್ರಿಯಲ್ ಕಡೆ ಮುಖ ಮಾಡಿದರು. ಅಲ್ಲಿ ರಸ್ತೆಯ ಒಂದೇ ಬದಿಯಲ್ಲಿ ಹೋಗಿಬರುವ ಎರಡೂ ದಿಕ್ಕಿನ ಪ್ರತ್ಯೇಕ ಪಥಗಳು ಬಹಳ ವರ್ಷಗಳಿಂದ ಇದ್ದವು. ಅಮೆರಿಕದ ಮಾರ್ಗದರ್ಶಿ ಬೇಡವೆಂದದ್ದೂ ಇಂಥವನ್ನೇ. 2011ರಲ್ಲಿ ಪ್ರಕಟವಾದ ಅವರ ಅಧ್ಯಯನ ಅಂಥ ಆರು ಪಥಗಳನ್ನು ಪಥವಿಲ್ಲದ ರಸ್ತೆಗಳಿಗೆ ಹೋಲಿಸಿತು. ಪಥಗಳಲ್ಲಿ ಎರಡೂವರೆ ಪಟ್ಟು ಸೈಕಲ್ಲುಗಳು, ಗಾಯದ ಪ್ರಮಾಣ ಶೇ. 28ರಷ್ಟು ಕಡಿಮೆ. ಎದುರಾಳಿಗಳು ಸುಮ್ಮನಿರಲಿಲ್ಲ. ಹೋಲಿಕೆಗೆ ಆರಿಸಿದ ರಸ್ತೆಗಳೇ ಸರಿಯಿಲ್ಲ, ಅವು ಮೊದಲೇ ಗಿಜಿಗುಡುವ ರಸ್ತೆಗಳು ಎಂದರು. ಆಕ್ಷೇಪದಲ್ಲಿ ತಿರುಳಿತ್ತು. ಎರಡು ರಸ್ತೆ ಹೋಲಿಸಿದಾಗಲೆಲ್ಲ ಈ ಮಾತು ಏಳುತ್ತದೆ.

ಹಾಗಾದರೆ ರಸ್ತೆಗೆ ರಸ್ತೆ ಹೋಲಿಸದೆ, ಸವಾರನನ್ನು ಅದೇ ಸವಾರನಿಗೇ ಹೋಲಿಸಿದರೆ? ಈ ಉಪಾಯ ಹುಟ್ಟಿದ್ದು ಹೃದಯಾಘಾತದ ಅಧ್ಯಯನದಲ್ಲಿ. 1991ರಲ್ಲಿ ಮಾಲ್ಕಮ್ ಮಕ್ಲೂರ್ ಎಂಬ ಸಾಂಕ್ರಾಮಿಕ ರೋಗಶಾಸ್ತ್ರಜ್ಞರು ಇದನ್ನು ಮಂಡಿಸಿದರು. ರೋಗಿಯನ್ನು ಬೇರೊಬ್ಬ ಆರೋಗ್ಯವಂತನ ಜೊತೆ ಹೋಲಿಸಿದರೆ ವಯಸ್ಸು, ಊಟ, ಸಿಗರೇಟು, ಸ್ವಭಾವ ಎಲ್ಲ ಅಡ್ಡಬರುತ್ತವೆ. ಎದೆನೋವು ಬರುವುದಕ್ಕೆ ಮುಂಚೆ ಅವನು ಏನು ಮಾಡುತ್ತಿದ್ದ, ಏನೂ ಆಗದಿದ್ದ ಹೊತ್ತಿನಲ್ಲಿ ಏನು ಮಾಡುತ್ತಿದ್ದ ಎಂದು ಕೇಳಿದರೆ ಆ ತಕರಾರುಗಳೆಲ್ಲ ತಾವಾಗಿ ಕಳಚುತ್ತವೆ. ಇದೇ ವಿಧಾನದಿಂದ 1997ರಲ್ಲಿ ಬೇರೆ ಸಂಶೋಧಕರು ಟೊರಾಂಟೊದ 699 ಚಾಲಕರ ಫೋನ್ ಬಿಲ್ ಪರಿಶೀಲಿಸಿ, ಫೋನಿನಲ್ಲಿ ಮಾತಾಡುತ್ತಾ ಕಾರು ಓಡಿಸಿದರೆ ಡಿಕ್ಕಿಯ ಸಂಭವ ನಾಲ್ಕು ಪಟ್ಟು ಎಂದು ತೋರಿಸಿದ್ದರು.

ಟೆಶ್ಕಿ ಇದನ್ನು ಹೊತ್ತಿನಿಂದ ಜಾಗಕ್ಕೆ ತಿರುಗಿಸಿದರು. ಗಾಯಾಳುವಿನ ಹೆಲ್ಮೆಟ್, ವಯಸ್ಸು, ಅನುಭವ, ಅವತ್ತಿನ ಮಳೆ, ಕುಡಿದ ಬಿಯರ್ ಎಲ್ಲವೂ ಬಿದ್ದ ಜಾಗಕ್ಕೂ ಬೀಳದ ಜಾಗಕ್ಕೂ ಒಂದೇ. ಬೇರೆಯಾದದ್ದು ರಸ್ತೆ ಮಾತ್ರ. ಒಂದು ಬಗೆಯ ರಸ್ತೆ ಬಿದ್ದ ಜಾಗಗಳಲ್ಲಿ ಪದೇಪದೇ ಕಾಣಿಸಿಕೊಂಡು ಬೀಳದ ಜಾಗಗಳಲ್ಲಿ ಅಷ್ಟಾಗಿ ಕಾಣದಿದ್ದರೆ, ದೋಷ ಅಲ್ಲಿಯೇ ಇದೆ. ಇಡೀ ನಗರದ ಸೈಕಲ್ ಎಣಿಸುವ ಗೋಜೇ ಇಲ್ಲ!

690 ಜನರ ಆ ಲೆಕ್ಕ 2012ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಪತ್ರಿಕೆಯೊಂದರಲ್ಲಿ ಹೊರಬಂತು. ರಸ್ತೆಗಳನ್ನು ಹದಿನಾಲ್ಕು ಬಗೆಯಾಗಿ ಮಾಡಿದ್ದರು. ಅಂಚಿನಲ್ಲಿ ಕಾರು ನಿಲ್ಲುವ, ಸೈಕಲ್ಲಿಗೆ ಏನೂ ಇಲ್ಲದ ಮುಖ್ಯರಸ್ತೆಯ ಅಪಾಯವನ್ನು 1 ಎಂದಿಟ್ಟುಕೊಂಡರೆ, ನಿಂತ ಕಾರುಗಳಿಲ್ಲದ ಮುಖ್ಯರಸ್ತೆ 0.63, ಅದಕ್ಕೆ ಗೆರೆಯ ಲೇನೂ ಸೇರಿದರೆ 0.54, ಒಳರಸ್ತೆ 0.51. ಪ್ರತ್ಯೇಕ ಪಥ 0.11, ಒಂಬತ್ತರಲ್ಲಿ ಒಂದು ಪಾಲು. ಟ್ರ್ಯಾಮ್ ಅಥವಾ ರೈಲು ಹಳಿ ಇದ್ದರೆ ಅಪಾಯ ಮೂರು ಪಟ್ಟು, ಇಳಿಜಾರಿನಲ್ಲಿ 2.3 ಪಟ್ಟು, ರಸ್ತೆ ಕಾಮಗಾರಿ ನಡೆಯುತ್ತಿದ್ದರೆ 1.9 ಪಟ್ಟು. ಹಳಿಯ ಸಂದಿಗೆ ಚಕ್ರ ಸಿಕ್ಕಿಕೊಂಡರೆ ಏನಾಗುತ್ತದೆ ಎಂದು ಟೊರಾಂಟೊದವರಿಗೆ ಹೇಳಬೇಕಿಲ್ಲ.

0.11ನ್ನು ಎಚ್ಚರದಿಂದ ಓದಬೇಕು. ಆಗ ಆ ಎರಡು ನಗರಗಳಲ್ಲಿ ಪ್ರತ್ಯೇಕ ಪಥಗಳೇ ತೀರಾ ಕಡಿಮೆ. ವ್ಯಾಂಕೂವರ್‌ನ ಬರ್ರಾರ್ಡ್ ಸೇತುವೆಯ ಪಥ ಕೂಡ 2009ರ ಬೇಸಿಗೆಯಲ್ಲಿ ಪ್ರಯೋಗಕ್ಕೆಂದು ಬಂದದ್ದು. ಹೀಗಾಗಿ ನಿಜವಾದ ಅಂಕಿ 0.02ರಿಂದ 0.54ರ ನಡುವೆ ಎಲ್ಲಾದರೂ ಇರಬಹುದೆಂದು ಅಧ್ಯಯನವೇ ಹೇಳಿತು. ಆ ಅಗಲದ ಕೆಟ್ಟ ತುದಿಯಲ್ಲೂ ಅಪಾಯ ಸುಮಾರು ಅರ್ಧ. ಇನ್ನೊಂದು ಸ್ವಾರಸ್ಯ ಸಿಕ್ಕಿತು. ಪಾದಚಾರಿಗಳೂ ಓಡಾಡುವ ಉದ್ಯಾನದ ಹಾದಿಗಳನ್ನು ಸವಾರರು ಇರುವುದಕ್ಕಿಂತ ಸುರಕ್ಷಿತವೆಂದು ನಂಬಿದ್ದರು, ಪ್ರತ್ಯೇಕ ಪಥವನ್ನು ಇರುವುದಕ್ಕಿಂತ ಅಪಾಯವೆಂದುಕೊಂಡಿದ್ದರು.

ಗೆರೆಯ ಲೇನಿಗೆ ಯಾಕೆ ಮಿತಿಯಿದೆ ಎಂಬುದಕ್ಕೆ ಆಸ್ಟ್ರೇಲಿಯಾದಿಂದ ಒಂದು ಸುಳಿವು ಬಂತು. ಮೊನಾಶ್ ವಿಶ್ವವಿದ್ಯಾಲಯದ ಬೆನ್ ಬೆಕ್ ತಂಡ ಮೆಲ್ಬರ್ನ್‌ನ 60 ಸವಾರರ ಸೈಕಲ್ಲಿಗೆ ದೂರ ಅಳೆಯುವ ಯಂತ್ರ ಕಟ್ಟಿ ಕಳಿಸಿತು. ಕಾರುಗಳು ಹಾದುಹೋದ 18 ಸಾವಿರಕ್ಕೂ ಹೆಚ್ಚು ಸಂದರ್ಭಗಳು ಅದರಲ್ಲಿ ದಾಖಲಾದವು. ಗೆರೆ ಲೇನ್ ಇದ್ದಲ್ಲಿ ಕಾರುಗಳು ಇನ್ನೂ ಹತ್ತಿರದಿಂದ ಹೋಗುತ್ತಿದ್ದವು. ಅಂಚಿಗೆ ಕಾರುಗಳೂ ನಿಂತಿದ್ದರೆ ಅಂತರ ಸರಾಸರಿ 40 ಸೆಂಟಿಮೀಟರ್ ಕಡಿಮೆ. ಗೆರೆಯಾಚೆ ಸೈಕಲ್ಲಿನವನದು, ಈಚೆಯದೆಲ್ಲ ನನ್ನದು ಎಂದು ಚಾಲಕ ಎಣಿಸಿ, ಪಕ್ಕಕ್ಕೆ ಸರಿಯುವ ತೊಂದರೆ ತೆಗೆದುಕೊಳ್ಳುವುದಿಲ್ಲ.

ಟೆಶ್ಕಿ ವಿಧಾನವನ್ನು ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಜೆಸಿಕಾ ಚಿಕ್ಕಿನೊ ಪೋರ್ಟ್‌ಲೆಂಡ್, ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳಿಗೆ ಒಯ್ದರು. 2020ರಲ್ಲಿ ಬಂದ ಫಲಿತಾಂಶ ಪ್ರತ್ಯೇಕ ಪಥದ ಅಭಿಮಾನಿಗಳಿಗೂ ಕಹಿಯಾಗಿತ್ತು. ಸೇತುವೆ ಮೇಲಿನ, ರಸ್ತೆಯಿಂದ ಎತ್ತರಿಸಿ ಕಟ್ಟಿದ ಪಥಗಳಲ್ಲಿ ಅಪಾಯ ತೀರಾ ಕಡಿಮೆ. ರಸ್ತೆಯ ಮಟ್ಟದಲ್ಲೇ ಇದ್ದು, ಎರಡೂ ದಿಕ್ಕಿಗೆ ಓಡುವ, ಅಡ್ಡರಸ್ತೆ ಗೇಟುಗಳನ್ನು ಮತ್ತೆಮತ್ತೆ ದಾಟುವ ಪಥಗಳಲ್ಲಿ ಆ ಲಾಭ ಕಾಣಲಿಲ್ಲ. ಫಾರೆಸ್ಟರ್ ಅದೇ ವರ್ಷ ತೀರಿಕೊಂಡರು. ಪ್ರತ್ಯೇಕ ಪಥ ಕೂಡದು ಎಂಬ ಅವರ ತೀರ್ಮಾನ ಸೋತಿದೆ. ತಿರುವು ನೋಡಿ ಎಂಬ ಅವರ ಎಚ್ಚರಿಕೆ ಗೆದ್ದಿದೆ.

ತಿರುವಿಗೆ ಮದ್ದು ಇಲ್ಲದೆಯೂ ಇರಲಿಲ್ಲ. ಮೂಲೆಯಲ್ಲಿ ಒಂದು ಸಣ್ಣ ದ್ವೀಪ ಕಟ್ಟಿ, ಸೈಕಲ್ ದಾಟುವ ಜಾಗವನ್ನು ಒಂದು ಕಾರಿನ ಉದ್ದದಷ್ಟು ಹಿಂದಕ್ಕೆ ಸರಿಸಿದರೆ, ಕಾರು ತಿರುಗಿ ಮುಗಿಸಿ ನೆಟ್ಟಗಾಗುವ ಹೊತ್ತಿಗೆ ಸೈಕಲ್ಲಿನವನು ಚಾಲಕನ ಕಣ್ಣೆದುರಿಗಿರುತ್ತಾನೆ. ಡಚ್ಚರು ಬಳಸುವ ಇಂಥ ಕೂಡುರಸ್ತೆಯ ಚಿತ್ರ ಅಮೆರಿಕದಲ್ಲಿ 1972ರ ವರದಿಯೊಂದರಲ್ಲೇ ಇತ್ತು. ಕಟ್ಟಿದ್ದು ಮಾತ್ರ 2015ರಲ್ಲಿ, ಡೇವಿಸ್ ಪಟ್ಟಣದಲ್ಲಿ.

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದರು. ವಾಹನಗಳು ಗುದ್ದಿ ಕಂಬಗಳು ಮುರಿದವು. ಆ ಪಥ ಯಾರನ್ನಾದರೂ ಕಾಪಾಡಿತೇ ಎಂದು ಹೇಳಲು ಎಫ್‌ಐಆರ್ ಸಾಲದು, ಅದರಲ್ಲಿ ಬಿದ್ದ ಜಾಗವಷ್ಟೇ ಇರುತ್ತದೆ. ನಗರದ ಆಸ್ಪತ್ರೆ ಮತ್ತು ಪೊಲೀಸ್ ದಾಖಲೆಗಳಿಂದ ಗಾಯಗಳ ಲೆಕ್ಕ ಕೂಡಿಸುವ ಕೆಲಸವನ್ನು ನಿಮ್ಹಾನ್ಸ್ ಹಿಂದೆಯೇ ಮಾಡಿ ತೋರಿಸಿದೆ. ಗಾಯಾಳು ಸುಧಾರಿಸಿಕೊಂಡ ಮೇಲೆ ಒಂದು ನಕ್ಷೆ ಮುಂದಿಟ್ಟು, ಹೊರಟದ್ದೆಲ್ಲಿ, ಬಂದದ್ದು ಯಾವ ಹಾದಿಯಲ್ಲಿ ಎಂದು ಕೇಳುವ ಎರಡು ಸಾಲುಗಳನ್ನು ಆ ದಾಖಲೆಯ ನಮೂನೆಗೆ ಸೇರಿಸಲಿ. ಮುಂದಿನ ಪಥಕ್ಕೆ ಕಾಂಕ್ರೀಟ್ ಸುರಿಯುವ ಮುಂಚೆ ಸೇರಿಸಲಿ.