ತಂತಿಯೋ, ನಿಸ್ತಂತುವೋ?

ಮನೆಯಲ್ಲಿ ಸಂಗೀತ ಕೇಳಲು ಹಣ ತೆರುವ ಮುನ್ನ ಇದೊಂದನ್ನು ತಿಳಿಯತಕ್ಕದ್ದು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಬಾರಿ ಅಳೆದಿಟ್ಟ ನಾದವು ಎರಡು ವಾಹಿನಿಗಳಲ್ಲಿ ಸುಮಾರು 14 ಲಕ್ಷ ಬಿಟ್‌ಗಳಾಗಿ ಹೊರಡುತ್ತದೆ. ಬ್ಲೂಟೂತಿನ ಸಾಮಾನ್ಯ ಕ್ರಮವಾದ ಎಸ್.ಬಿ.ಸಿ.ಯು ಅದನ್ನು ಸುಮಾರು 3.3 ಲಕ್ಷಕ್ಕೆ ಇಳಿಸುವುದು; ಕಿವಿಗೆ ಅಷ್ಟಾಗಿ ತಿಳಿಯದೆಂದು ಎಣಿಸಿದ ಸೂಕ್ಷ್ಮಗಳನ್ನು ತೊರೆದೇ ಇಳಿಸುವುದು. ತಂಬೂರಿಯ ಝೇಂಕಾರಕ್ಕೆ ಮನಸೋತವರಿಗೆ ಇದು ಸಣ್ಣ ನಷ್ಟವಲ್ಲವೆಂದು ನಮ್ಮ ಎಣಿಕೆ.

ವೈ-ಫೈ ಮಾರ್ಗದಲ್ಲಿ ನಾದವು ಪೂರ್ಣವಾಗಿಯೇ ಸಾಗಬಲ್ಲುದು. ಆದರೆ 2.4 ಗಿಗಾಹರ್ಟ್ಸಿನ ಪಟ್ಟಿಯಲ್ಲಿ ನೆರೆಮನೆಯ ವೈ-ಫೈಯೂ ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಅಡ್ಡಬರಬಹುದು. ಬ್ಯಾಟರಿಯಿಲ್ಲದ ನಿಸ್ತಂತು ಧ್ವನಿವರ್ಧಕಕ್ಕೂ ವಿದ್ಯುತ್ತಿನ ತಂತಿ ತಪ್ಪಿದ್ದಲ್ಲವಷ್ಟೆ! ಒಂದೆಡೆ ಕುಳಿತು ಕೇಳುವವರಿಗೆ ನಾವು ತಾಮ್ರದ ತಂತಿಯನ್ನೇ ಹೇಳುವೆವು. ದೂರ ಹೆಚ್ಚಿದ್ದರೆ ತಂತಿ ದಪ್ಪನಾಗಿರಲಿ, ರೋಧ ತಗ್ಗುವುದು. ಥಳಕಿನ ದುಬಾರಿ ತಂತಿ ಬೇಕಿಲ್ಲ.